ಅಂಗಳ ಕೊರೆಸುವ ಮುನ್ನ: ನೆಲದ ಹೀಟ್ ಪಂಪ್ ಹಾಕಿಸುವವರಿಗೆ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ಪಟ್ಟಣದ ಗ್ಯಾಸ್ ಕೊಳವೆ ಮುಟ್ಟದ ಕಡೆ ಹಳೆಯ ಮನೆ ಕೊಂಡರೆ ಅದರ ನೆಲಮಾಳಿಗೆಯಲ್ಲಿ ಸಾಮಾನ್ಯವಾಗಿ 275 ಗ್ಯಾಲನ್‌ನ ಮನೆ ಕಾಯಿಸುವ ಎಣ್ಣೆಯ ಟ್ಯಾಂಕ್ ಇರುತ್ತದೆ. ಚಳಿಗಾಲದಲ್ಲಿ ಅದನ್ನು ಒಮ್ಮೆ ತುಂಬಿಸಿದರೆ ಹೆಚ್ಚುಕಡಿಮೆ ಸಾವಿರ ಡಾಲರ್ ಕೈಬಿಡುತ್ತದೆ. ಇಲ್ಲಿ ನೆಲೆಸಿದ ನಮ್ಮವರು ಎರಡು ಮೂರು ಚಳಿಗಾಲ ಕಳೆದ ಮೇಲೆ ಜಿಯೋಥರ್ಮಲ್, ಅಂದರೆ ನೆಲದ ಶಾಖದಿಂದ ಮನೆ ಬೆಚ್ಚಗಿಡುವ ಹೀಟ್ ಪಂಪ್ ಬಗ್ಗೆ ವಿಚಾರಿಸತೊಡಗುವುದು ಈ ಬಿಲ್ಲು ನೋಡಿಯೇ. ಕಂಪನಿಯವರು ಬರುತ್ತಾರೆ, ಯಂತ್ರದ ಬಣ್ಣದ ಪುಸ್ತಿಕೆ ಕೊಡುತ್ತಾರೆ, ನಲವತ್ತು ಸಾವಿರ ಡಾಲರ್ ಎನ್ನುತ್ತಾರೆ. ಅಲ್ಲಿಂದ ಮುಂದೆ ಏನು ಕೇಳಬೇಕು, ಯಾವ ಕಾಗದ ನೋಡಬೇಕು ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಈ ಲೇಖನ ಅಂಥವರಿಗೆ. ಲೆಕ್ಕಗಳಿಗೆ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಸುತ್ತಲಿನ ಹವೆಯನ್ನು ಹಿಡಿದಿದ್ದೇನೆ. ನ್ಯೂಜೆರ್ಸಿ, ಮಿಷಿಗನ್, ಮಿನೆಸೋಟಾಗಳಲ್ಲಿ ಇರುವವರು ಅಂಕಿಗಳನ್ನು ಬದಲಿಸಿಕೊಂಡರೆ ಸಾಕು, ಕೆಲಸದ ಕ್ರಮ ಅದೇ. ನನ್ನ ಮಾತು ಇಷ್ಟೇ: ಹಣ ನಿಲ್ಲುವುದೂ ಮುಳುಗುವುದೂ ಮನೆಯ ಶಾಖನಷ್ಟದ ಲೆಕ್ಕ ಮತ್ತು ನೆಲದೊಳಗಿನ ಪೈಪಿನ ಉದ್ದ, ಈ ಎರಡರಲ್ಲಿ. ಯಂತ್ರದ ಬ್ರಾಂಡ್‌ಗೆ ಮೂರನೆಯ ಸ್ಥಾನ.

ಮೊದಲು ಸಂಗತಿ ಏನೆಂದು ತಿಳಿದುಕೊಳ್ಳಿ

ಆಲ್ಬನಿಯಲ್ಲಿ ಜನವರಿಯ ಕೊರೆಯುವ ರಾತ್ರಿ ಗಾಳಿ ಮೈನಸ್ 17 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ, ಜುಲೈ ಮಧ್ಯಾಹ್ನ 32ಕ್ಕೆ ಏರುತ್ತದೆ. ಅದೇ ಅಂಗಳದಲ್ಲಿ ಮೂವತ್ತು ನಲವತ್ತು ಅಡಿ ಕೆಳಗಿನ ಮಣ್ಣು ಬಂಡೆಗಳು ವರ್ಷವಿಡೀ ಸುಮಾರು 10 ಡಿಗ್ರಿಯಲ್ಲೇ ಇರುತ್ತವೆ. ಇದಕ್ಕೂ ಜ್ವಾಲಾಮುಖಿ, ಬಿಸಿನೀರಿನ ಬುಗ್ಗೆಗಳಿಗೂ ಸಂಬಂಧವಿಲ್ಲ. ಒಂದು ಊರಿನ ನೆಲದಾಳದ ಉಷ್ಣತೆ ಆ ಊರಿನ ಗಾಳಿಯ ವಾರ್ಷಿಕ ಸರಾಸರಿಯ ಹತ್ತಿರ ಇರುತ್ತದೆ, ಅಷ್ಟೇ.

ಯಂತ್ರದ ಕೆಲಸ ನಿಮ್ಮ ಅಡುಗೆಮನೆಯ ಫ್ರಿಜ್‌ನದ್ದೇ. ಫ್ರಿಜ್ ಒಳಗಿನ ಶಾಖವನ್ನು ತೆಗೆದು ಬೆನ್ನ ಹಿಂದೆ ಬಿಡುತ್ತದೆ. ಇದು ಚಳಿಗಾಲದಲ್ಲಿ ನೆಲದ ಶಾಖವನ್ನು ತೆಗೆದು ಮನೆಯೊಳಗೆ ಬಿಡುತ್ತದೆ. ಬೇಸಿಗೆಯಲ್ಲಿ ಒಂದು ಕವಾಟ ತಿರುಗಿ ದಿಕ್ಕು ಬದಲಾಗುತ್ತದೆ, ಮನೆಯ ಸೆಕೆ ನೆಲಕ್ಕೆ ಇಳಿಯುತ್ತದೆ. ಒಂದು ಯೂನಿಟ್ ವಿದ್ಯುತ್ ಖರ್ಚು ಮಾಡಿ ನೆಲದಿಂದ ಎರಡೂವರೆ ಯೂನಿಟ್ ಶಾಖ ಎತ್ತಿದರೆ ಮನೆಗೆ ಸಿಗುವುದು ಮೂರೂವರೆ ಯೂನಿಟ್. ಈ 3.5 ಎಂಬ ಅಂಕಿಯನ್ನೇ ಯಂತ್ರದ ದಕ್ಷತಾ ಗುಣಾಂಕ ಎನ್ನುತ್ತಾರೆ. ಪುಸ್ತಿಕೆಗಳಲ್ಲಿ 4, 5 ಎಂದೆಲ್ಲ ಬರೆದಿರುತ್ತದೆ. ಅದು ಪ್ರಯೋಗಾಲಯದ ಅಂಕಿ. ನೀರು ತಿರುಗಿಸುವ ಪಂಪು, ಗಾಳಿ ದೂಡುವ ಫ್ಯಾನು ಎಲ್ಲ ಸೇರಿಸಿ ಇಡೀ ಚಳಿಗಾಲಕ್ಕೆ 3ರಿಂದ 4ರ ನಡುವೆ ಬಂದರೆ ಅದು ಒಳ್ಳೆಯ ವ್ಯವಸ್ಥೆ. ಮುಂದಿನ ಲೆಕ್ಕಗಳಿಗೆ 3.5 ಹಿಡಿಯುತ್ತೇನೆ.

ಇದು ಹೊಸ ತಂತ್ರಜ್ಞಾನ, ಇನ್ನೂ ಪಕ್ಕಾ ಆಗಿಲ್ಲ ಎಂದು ಹೆದರಿಸುವವರಿದ್ದಾರೆ. ಯಂತ್ರದಿಂದ ಕಟ್ಟಡ ಬೆಚ್ಚಗಿಡುವ ತತ್ವವನ್ನು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, 1852ರಲ್ಲೇ ವಿವರಿಸಿದ್ದರು. ನೆಲದಿಂದ ಶಾಖ ಎತ್ತುವ ಪಂಪಿಗೆ ಸ್ವಿಟ್ಜರ್ಲೆಂಡಿನ ಹೈನ್ರಿಶ್ ಝೋಲಿ 1912ರಲ್ಲಿ ಪೇಟೆಂಟ್ ಪಡೆದರು. 1973ರ ತೈಲ ಬಿಕ್ಕಟ್ಟಿನ ನಂತರ ಸ್ವೀಡನ್ ಇದನ್ನು ಮನೆಮಾತು ಮಾಡಿಕೊಂಡಿತು. ಹೆದರಬೇಕಾದದ್ದು ತಂತ್ರಜ್ಞಾನಕ್ಕಲ್ಲ, ಲೆಕ್ಕ ಹಾಕದೆ ಕೊರೆಯುವವರಿಗೆ.

ಹೆಜ್ಜೆ 1: ನಿಮಗೆ ಇದು ಲಾಭವೇ? ಐದು ನಿಮಿಷದ ಲೆಕ್ಕ

ಕಂಪನಿಯವರನ್ನು ಕರೆಸುವ ಮೊದಲು ವಿದ್ಯುತ್ ಬಿಲ್ಲು ಮತ್ತು ಇಂಧನದ ಬಿಲ್ಲು ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ವಿದ್ಯುತ್ತಿಗೆ ಒಂದು ಯೂನಿಟ್‌ಗೆ ನೀವು ನಿಜವಾಗಿ ಎಷ್ಟು ಕೊಡುತ್ತಿದ್ದೀರಿ ಎಂದು ನೋಡಿ. ಸರಬರಾಜು ಮತ್ತು ವಿತರಣೆಯ ದರ ಎರಡನ್ನೂ ಕೂಡಿಸಬೇಕು. ಬಹಳ ಜನ ಒಂದನ್ನು ಮರೆಯುತ್ತಾರೆ.

ಈಗ ಮೂರು ಅಂಕಿಗಳನ್ನು ನೆನಪಿಡಿ: 10, 8, 7. ಒಂದು ಗ್ಯಾಲನ್ ಎಣ್ಣೆ ಹಳೆಯ ಬಾಯ್ಲರ್‌ನಲ್ಲಿ ಉರಿದು ಕೊಡುವ ಶಾಖವನ್ನು ನೆಲದ ಹೀಟ್ ಪಂಪ್ ಸುಮಾರು 10 ಯೂನಿಟ್ ವಿದ್ಯುತ್ತಿನಲ್ಲಿ ಕೊಡುತ್ತದೆ. ನೈಸರ್ಗಿಕ ಅನಿಲದ ಒಂದು ಥರ್ಮ್‌ಗೆ (ಗ್ಯಾಸ್ ಬಿಲ್ಲಿನ ಅಳತೆ) ಬದಲಾಗಿ 8 ಯೂನಿಟ್, ಒಂದು ಗ್ಯಾಲನ್ ಪ್ರೊಪೇನ್‌ಗೆ ಬದಲಾಗಿ 7 ಯೂನಿಟ್ ಬೇಕು. ವಿದ್ಯುತ್ ಯೂನಿಟ್‌ಗೆ 20 ಸೆಂಟ್ ಎಂದಿಟ್ಟುಕೊಳ್ಳಿ. ಆಗ ಎಣ್ಣೆ ಗ್ಯಾಲನ್‌ಗೆ 2 ಡಾಲರ್ ದಾಟಿದರೆ, ಪ್ರೊಪೇನ್ 1 ಡಾಲರ್ 40 ಸೆಂಟ್ ದಾಟಿದರೆ, ಅನಿಲ ಥರ್ಮ್‌ಗೆ 1 ಡಾಲರ್ 60 ಸೆಂಟ್ ದಾಟಿದರೆ ಹೀಟ್ ಪಂಪ್ ಓಡಿಸುವುದು ಅಗ್ಗ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಎಣ್ಣೆ, ಪ್ರೊಪೇನ್ ಅಥವಾ ಬರೀ ವಿದ್ಯುತ್ ಹೀಟರ್‌ನಿಂದ ಮನೆ ಬೆಚ್ಚಗಿಡುವವರಿಗೆ ಲಾಭ ಎದ್ದು ಕಾಣುತ್ತದೆ. ಅಗ್ಗದ ಪೈಪ್ ಗ್ಯಾಸ್ ಇರುವವರಿಗೆ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ಉಳಿತಾಯ ಕಾಣದೆಯೂ ಇರಬಹುದು. ಪರಿಸರದ ಕಾಳಜಿಯಿಂದ ಹಾಕಿಸುವುದು ಬೇರೆ ವಿಷಯ, ಅದು ಒಳ್ಳೆಯದೇ. ಆದರೆ ಗ್ಯಾಸ್ ಇರುವವರಿಗೆ ಅರ್ಧಕ್ಕರ್ಧ ಉಳಿತಾಯ ಎಂದು ಯಾರಾದರೂ ಬರೆದುಕೊಟ್ಟರೆ ಆ ಲೆಕ್ಕವನ್ನು ಬಿಡಿಸಿ ತೋರಿಸಲು ಹೇಳಿ.

ಐದು ವರ್ಷದೊಳಗೆ ಮನೆ ಮಾರುವ ಯೋಚನೆ ಇರುವವರಿಗೆ, ಸಣ್ಣ ಮನೆಯವರಿಗೆ ಗಾಳಿಯಿಂದ ಶಾಖ ಎತ್ತುವ ಹೀಟ್ ಪಂಪೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಚಳಿ ಪ್ರದೇಶಕ್ಕೆಂದೇ ಮಾಡಿದ ಈಗಿನ ಮಾದರಿಗಳು ಮೈನಸ್ 25 ಡಿಗ್ರಿಯಲ್ಲೂ ಓಡುತ್ತವೆ, ಅಂಗಳ ಅಗೆಯಬೇಕಿಲ್ಲ. ನೆಲದ ಪಂಪಿನ ಹಿರಿಮೆ ಕಾಣುವುದು ಮೂಳೆ ನಡುಗಿಸುವ ರಾತ್ರಿಗಳಲ್ಲಿ. ಗಾಳಿಯದು ಏದುಸಿರು ಬಿಡುವ ಹೊತ್ತಿನಲ್ಲಿ ಇದು ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಹಿಮದಲ್ಲಿ ಹೂತುಹೋಗುವ ಹೊರಪೆಟ್ಟಿಗೆಯೂ ಇಲ್ಲ, ಅದರ ಗದ್ದಲವೂ ಇಲ್ಲ.

ಹೆಜ್ಜೆ 2: ಮೊದಲು ಮನೆಯ ಸಂದುಗಳನ್ನು ಮುಚ್ಚಿ

ಅಂಗಳ ಕೊರೆಯುವುದಕ್ಕೆ ಅಡಿಯ ಲೆಕ್ಕದಲ್ಲಿ ಹಣ ಕೊಡುತ್ತೀರಿ. ಸೋರುವ ಮನೆಗೆ ಹೆಚ್ಚು ಅಡಿ ಬೇಕು. ಆದ್ದರಿಂದ ಅಟ್ಟದ ಮೇಲಿನ ಇನ್ಸುಲೇಶನ್ (ಶಾಖ ತಡೆಯುವ ಹೊದಿಕೆ), ನೆಲಮಾಳಿಗೆಯ ಅಂಚಿನ ಬಿರುಕುಗಳು, ಕಿಟಕಿ ಚೌಕಟ್ಟಿನ ಸಂದುಗಳು ಇವೆಲ್ಲ ಸರಿಯಾದ ಮೇಲೆಯೇ ಯಂತ್ರದ ಮಾತು. ಬ್ಲೋವರ್ ಡೋರ್ ಎಂಬ ಪರೀಕ್ಷೆ ಮಾಡಿಸಿ. ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮನೆಯ ಗಾಳಿಯನ್ನು ಹೊರಕ್ಕೆ ಎಳೆಯುತ್ತಾರೆ, ಆಗ ಹೊರಗಾಳಿ ಎಲ್ಲೆಲ್ಲಿಂದ ನುಗ್ಗುತ್ತದೆ ಎಂಬುದು ಕೈ ಹಿಡಿದರೇ ಗೊತ್ತಾಗುತ್ತದೆ. ಹಲವು ರಾಜ್ಯಗಳಲ್ಲಿ ಈ ತಪಾಸಣೆಗೆ ವಿದ್ಯುತ್ ಕಂಪನಿಯೇ ಹಣ ಕೊಡುತ್ತದೆ ಅಥವಾ ರಿಯಾಯಿತಿ ನೀಡುತ್ತದೆ.

ಹೆಜ್ಜೆ 3: ಶಾಖನಷ್ಟದ ಲೆಕ್ಕವನ್ನು ಕಾಗದದಲ್ಲಿ ಕೇಳಿ

ಇಡೀ ಕೆಲಸದ ತಾಯಿಬೇರು ಇದು. ಅಮೆರಿಕದಲ್ಲಿ ಈ ಲೆಕ್ಕಕ್ಕೆ ಮ್ಯಾನುಯಲ್ ಜೆ ಎಂಬ ಒಪ್ಪಿತ ವಿಧಾನವಿದೆ. ಪ್ರತಿ ಕೋಣೆಯ ಗೋಡೆ, ಕಿಟಕಿ, ಚಾವಣಿ, ಸೋರುವ ಗಾಳಿ ಎಲ್ಲವನ್ನೂ ಅಳೆದು, ಊರಿನ ಅತಿ ಚಳಿಯ ಹೊತ್ತಿನಲ್ಲಿ ಮನೆ ಗಂಟೆಗೆ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ತೆಗೆಯುತ್ತಾರೆ. ಬೇಸಿಗೆಯ ತಂಪಿಗೂ ಅದರಲ್ಲೇ ಪ್ರತ್ಯೇಕ ಲೆಕ್ಕ ಬರುತ್ತದೆ.

ಮನೆ ಎಷ್ಟು ಚದರಡಿ ಎಂದು ಕೇಳಿ, ಐನೂರರಿಂದ ಭಾಗಿಸಿ, ಇಷ್ಟು ಟನ್ ಬೇಕು ಎನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್. ಅಗತ್ಯಕ್ಕಿಂತ ಒಂದು ಟನ್ ಹೆಚ್ಚಾದರೆ ಕೊರೆತವೇ 150ರಿಂದ 200 ಅಡಿ ಹೆಚ್ಚಾಗುತ್ತದೆ. ಮೇಲಾಗಿ ದೊಡ್ಡ ಯಂತ್ರ ಬೇಸಿಗೆಯಲ್ಲಿ ನಾಲ್ಕೇ ನಿಮಿಷ ಓಡಿ ನಿಲ್ಲುತ್ತದೆ. ಗಾಳಿ ತಂಪಾಗುತ್ತದೆ, ತೇವ ಮಾತ್ರ ಹೋಗುವುದಿಲ್ಲ. ಆಗಸ್ಟ್‌ನಲ್ಲಿ ಮನೆಯೊಳಗೆ ಮಂಗಳೂರಿನ ಜಿಗುಟು.

ಅವರ ಲೆಕ್ಕವನ್ನು ಒರೆಗೆ ಹಚ್ಚಲು ನಿಮ್ಮ ಬಳಿಯೇ ಒಂದು ಉಪಾಯವಿದೆ. ಆಲ್ಬನಿಯಂಥ ಹವೆಯಲ್ಲಿ ವರ್ಷಕ್ಕೆ ಉರಿದ ಎಣ್ಣೆಯ ಗ್ಯಾಲನ್‌ಗಳನ್ನು 250ರಿಂದ ಭಾಗಿಸಿದರೆ ಬೇಕಾದ ಟನ್ ಹತ್ತಿರಹತ್ತಿರ ಸಿಗುತ್ತದೆ. 800 ಗ್ಯಾಲನ್ ಉರಿಸುವ ಮನೆಗೆ ಮೂರು ಟನ್ ಚಿಲ್ಲರೆ. ಇದು ಒರಟು ಅಂದಾಜು, ವಿನ್ಯಾಸಕ್ಕೆ ಸಾಲದು. ಆದರೆ ಅವರು ಆರು ಟನ್ ಎಂದಾಗ ಹುಬ್ಬೇರಿಸುವುದಕ್ಕೆ ಸಾಕು.

ಹೆಜ್ಜೆ 4: ನಿಮ್ಮ ನೆಲಕ್ಕೆ ಯಾವ ಲೂಪ್?

ನೆಲದೊಳಗೆ ಹೋಗಿಬರುವ ಪೈಪಿನ ಸುತ್ತನ್ನು ಇಲ್ಲಿ ಎಲ್ಲರೂ ಲೂಪ್ ಎನ್ನುತ್ತಾರೆ. ದಪ್ಪ ಪಾಲಿಎಥಿಲೀನ್ ಪೈಪು, ಒಳಗೆ ನೀರು ಮತ್ತು ಹೆಪ್ಪುಗಟ್ಟದಂತೆ ತಡೆಯುವ ದ್ರವ. ಹೆಚ್ಚಾಗಿ ಬಳಸುವುದು ಪ್ರೊಪಿಲೀನ್ ಗ್ಲೈಕಾಲ್. ಅದೇ ನೀರು ತಿರುಗುತ್ತಲೇ ಇರುತ್ತದೆ, ಅಂತರ್ಜಲವನ್ನು ಮುಟ್ಟುವುದಿಲ್ಲ. ಇದು ಮುಚ್ಚಿದ ಲೂಪ್.

ಒಂದೆರಡು ಎಕರೆ ಬಯಲಿರುವವರಿಗೆ ಅಡ್ಡ ಲೂಪ್ ಅಗ್ಗ. ಐದಾರು ಅಡಿ ಆಳದ ಕಾಲುವೆ ತೋಡಿ ಪೈಪು ಮಲಗಿಸುತ್ತಾರೆ. ಟನ್‌ಗೆ 400ರಿಂದ 600 ಅಡಿ ಪೈಪು ಬೇಕು, ಮೂರು ಟನ್‌ಗೆ ಕಾಲು ಎಕರೆಯಿಂದ ಅರ್ಧ ಎಕರೆ ಜಾಗ ಹೋಗುತ್ತದೆ. ಅಷ್ಟು ಮೇಲಿನ ಮಣ್ಣು ಋತುವಿಗೆ ತಕ್ಕಂತೆ ಬಿಸಿಯಾಗಿ ತಣ್ಣಗಾಗುವುದರಿಂದ ಫೆಬ್ರವರಿಯ ಕೊನೆಗೆ ದಕ್ಷತೆ ಸ್ವಲ್ಪ ಇಳಿಯುತ್ತದೆ. ಮರಳು ಮಣ್ಣಾದರೆ ಇನ್ನೂ ಉದ್ದ ಪೈಪು ಬೇಕು. ಒಣ ಮರಳು ಶಾಖವನ್ನು ಚೆನ್ನಾಗಿ ಸಾಗಿಸುವುದಿಲ್ಲ. ಆ ಜಾಗದ ಮೇಲೆ ಮುಂದೆ ಈಜುಕೊಳವನ್ನೋ ಗ್ಯಾರೇಜನ್ನೋ ಕಟ್ಟುವಂತಿಲ್ಲ ಎಂಬುದನ್ನೂ ನೆನಪಿಡಿ. ಮನೆಯ ಪಕ್ಕ ಅರ್ಧ ಎಕರೆಯಷ್ಟು ಹರವಿನ, ಎಂಟು ಅಡಿಗೂ ಹೆಚ್ಚು ಆಳದ ಕೆರೆಯಿದ್ದರೆ ಪೈಪಿನ ಸುರುಳಿಗಳನ್ನು ಅದರ ತಳದಲ್ಲೇ ಮುಳುಗಿಸಬಹುದು. ಅಂಥ ಅದೃಷ್ಟವಂತರು ಕಡಿಮೆ.

ಬಾವಿಯ ನೀರನ್ನೇ ಯಂತ್ರದ ಮೂಲಕ ಹಾಯಿಸಿ ಬೇರೆಡೆ ಬಿಡುವ ತೆರೆದ ಲೂಪ್ ಕೂಡ ಇದೆ. ದಕ್ಷತೆ ಚೆನ್ನಾಗಿದೆ, ಖರ್ಚೂ ಕಡಿಮೆ. ಆದರೆ ನೀರಿನಲ್ಲಿ ಕಬ್ಬಿಣದಂಶ ಅಥವಾ ಗಡಸುತನ ಇದ್ದರೆ ಶಾಖ ವಿನಿಮಯದ ಸುರುಳಿ ಕೆಲವೇ ವರ್ಷಗಳಲ್ಲಿ ಕಟ್ಟಿಕೊಳ್ಳುತ್ತದೆ. ಟನ್‌ಗೆ ನಿಮಿಷಕ್ಕೆ ಎರಡು ಮೂರು ಗ್ಯಾಲನ್ ನೀರು ಹರಿಯುತ್ತಲೇ ಇರಬೇಕು, ಹರಿದ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಪಟ್ಟಣದ ಕಚೇರಿ ಒಪ್ಪುವ ಉತ್ತರ ಬೇಕು. ನೀರಿನ ರಾಸಾಯನಿಕ ಪರೀಕ್ಷೆಯ ವರದಿ ಕೈಗೆ ಬರುವವರೆಗೆ ಇದಕ್ಕೆ ಹೂಂ ಎನ್ನಬೇಡಿ.

ಉಪನಗರದ ಸಾಮಾನ್ಯ ನಿವೇಶನಗಳಿಗೆ ಉಳಿಯುವುದು ಲಂಬ ಲೂಪ್. ನಾಲ್ಕೂವರೆಯಿಂದ ಆರು ಇಂಚು ವ್ಯಾಸದ ಕೊಳವೆ ಕೊರೆದು, ತುದಿಯಲ್ಲಿ ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಪೈಪನ್ನು ಇಳಿಬಿಡುತ್ತಾರೆ. ಮೂರು ಟನ್ ಮನೆಗೆ ಒಟ್ಟು 450ರಿಂದ 600 ಅಡಿ. ಒಂದೇ ಕೊಳವೆಯಲ್ಲಿ ಮುಗಿಸಬಹುದು, ಅಥವಾ 15ರಿಂದ 20 ಅಡಿ ಅಂತರದಲ್ಲಿ ಎರಡು ಮೂರು ಕೊರೆಯಬಹುದು. ನ್ಯೂಯಾರ್ಕ್‌ನಲ್ಲಿ 500 ಅಡಿ ದಾಟಿದ ಕೊಳವೆಗಳನ್ನು ತೈಲ ಮತ್ತು ಅನಿಲ ಬಾವಿಗಳ ಕಟ್ಟುನಿಟ್ಟಿನ ನಿಯಮಕ್ಕೆ ಸೇರಿಸುತ್ತಿದ್ದರು. ಮುಚ್ಚಿದ ಲೂಪ್‌ಗಳಿಗೆ ಆ ಕಾಟವನ್ನು 2023ರ ಕಾನೂನು ತಪ್ಪಿಸಿತು. ನಿಮ್ಮ ರಾಜ್ಯದ ಮಿತಿ ಏನು, ಪರವಾನಗಿ ಯಾರು ತರುತ್ತಾರೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿ. ಕುಡಿಯುವ ನೀರಿನ ಬಾವಿ, ಸೆಪ್ಟಿಕ್ ಟ್ಯಾಂಕ್, ನಿವೇಶನದ ಗಡಿ ಇವುಗಳಿಂದ ಎಷ್ಟು ದೂರ ಇರಬೇಕೆಂಬ ನಿಯಮ ಊರಿಂದೂರಿಗೆ ಬೇರೆ.

ಹೆಜ್ಜೆ 5: ಕೊರೆಯುವ ದಿನ ಮನೆಯಲ್ಲಿರಿ

ರಜೆ ಹಾಕಿದರೂ ಸರಿ, ಆ ದಿನ ಇರಬೇಕು. ಮಣ್ಣು ಮುಚ್ಚಿದ ಮೇಲೆ ನೋಡಲು ಏನೂ ಇರುವುದಿಲ್ಲ, ಅದರೊಳಗೆ ಸೇರಿದ್ದು ಐವತ್ತು ವರ್ಷಕ್ಕೂ ಮಿಕ್ಕಿ ಬಾಳಬೇಕಾದ ವಸ್ತು. ಒಳಗಿನ ಯಂತ್ರದ ಆಯಸ್ಸು ಇಪ್ಪತ್ತು ಇಪ್ಪತ್ತೈದು ವರ್ಷ. ಅದನ್ನು ಬದಲಿಸಬಹುದು, ಲೂಪನ್ನು ಬದಲಿಸುವುದು ಕನಸಿನ ಮಾತು.

ಕೊರೆಯುವುದಕ್ಕೆ ಕೆಲವು ದಿನ ಮೊದಲು 811ಕ್ಕೆ ಕರೆ ಮಾಡಿರಬೇಕು. ಗ್ಯಾಸ್, ವಿದ್ಯುತ್, ದೂರವಾಣಿ ತಂತಿಗಳು ಎಲ್ಲಿವೆ ಎಂದು ಆಯಾ ಸಂಸ್ಥೆಯವರು ಬಂದು ಹುಲ್ಲಿನ ಮೇಲೆ ಬಣ್ಣದ ಗುರುತು ಹಾಕುತ್ತಾರೆ. ಈ ಸೇವೆ ಉಚಿತ. ಬೋರ್ ಲಾರಿ ನಮ್ಮೂರಿನದಕ್ಕಿಂತ ಚಿಕ್ಕದೇನಲ್ಲ. ಡ್ರೈವ್‌ವೇ ತಡೆಯುತ್ತದೆಯೇ, ಮರದ ಕೊಂಬೆಗಳು ಅಡ್ಡ ಬರುತ್ತವೆಯೇ ನೋಡಿ. ಹೊರಬರುವ ಬೂದು ಕೆಸರನ್ನು ಯಾರು ಸಾಗಿಸುತ್ತಾರೆ, ಹುಲ್ಲುಹಾಸನ್ನು ಯಾರು ಸರಿಮಾಡುತ್ತಾರೆ ಎಂಬುದು ಒಪ್ಪಂದದಲ್ಲಿ ಇಲ್ಲದಿದ್ದರೆ ಉತ್ತರ ನೀವೇ.

ಅಲ್ಲಿ ನಿಂತು ಗಮನಿಸಬೇಕಾದದ್ದು ಮೂರು. ಮೊದಲನೆಯದು, ಪೈಪಿನ ಜೋಡಣೆ. ಮಣ್ಣಿನಡಿ ಹೋಗುವ ಕೀಲುಗಳನ್ನೆಲ್ಲ ಕಾಯಿಸಿ ಬೆಸೆದಿರಬೇಕು. ಕ್ಲಾಂಪ್ ಬಿಗಿದ ಕೀಲು ನೆಲದೊಳಗೆ ಹೋಗಕೂಡದು. ಎರಡನೆಯದು, ಒತ್ತಡ ಪರೀಕ್ಷೆ. ಪೈಪು ಇಳಿಸುವ ಮೊದಲು ಒಮ್ಮೆ, ಇಳಿಸಿದ ಮೇಲೆ ಮಣ್ಣು ಮುಚ್ಚುವ ಮುನ್ನ ಮತ್ತೊಮ್ಮೆ. ಮೀಟರಿನ ಮುಳ್ಳಿನ ಫೋಟೊ ತೆಗೆದಿಟ್ಟುಕೊಳ್ಳಿ, ಸಮಯ ಸಹಿತ.

ಮೂರನೆಯದು ಗ್ರೌಟ್. ಕೆಟ್ಟ ಕೆಲಸ ಅಡಗಿ ಕೂರುವುದು ಹೆಚ್ಚಾಗಿ ಇಲ್ಲೇ. ಪೈಪಿಗೂ ಬಂಡೆಗೂ ನಡುವಿನ ಖಾಲಿ ಜಾಗವನ್ನು ಬೆಂಟೊನೈಟ್ ಜೇಡಿಯ ಮಿಶ್ರಣದಿಂದ ತುಂಬುತ್ತಾರೆ. ಬರೀ ಬೆಂಟೊನೈಟ್ ಶಾಖವನ್ನು ಮಂದವಾಗಿ ಸಾಗಿಸುತ್ತದೆ. ಸಿಲಿಕಾ ಮರಳು ಅಥವಾ ಗ್ರಾಫೈಟ್ ಸೇರಿಸಿದರೆ ಅದರ ಸಾಮರ್ಥ್ಯ ದುಪ್ಪಟ್ಟಾಗುತ್ತದೆ. ಮಿಶ್ರಣವನ್ನು ಕೊಳವೆಯ ತಳದವರೆಗೆ ಇಳಿಬಿಟ್ಟ ಪೈಪಿನ ಮೂಲಕ ಕೆಳಗಿನಿಂದ ಮೇಲಕ್ಕೆ ತುಂಬುತ್ತ ಬರಬೇಕು. ಮೇಲಿನಿಂದ ಸುರಿದುಬಿಟ್ಟರೆ ನಡುವೆ ಗಾಳಿಯ ಪೊಳ್ಳು ಉಳಿಯುತ್ತದೆ, ಅಷ್ಟು ಅಡಿ ಕೊರೆತಕ್ಕೆ ಕೊಟ್ಟ ಹಣ ವ್ಯರ್ಥ. ಇನ್ನೊಂದು ಕಾರಣಕ್ಕೂ ಗ್ರೌಟ್ ಮುಖ್ಯ. ಅಂಗಳದ ಮೇಲಿನ ಕೊಳಕು ನೀರು ಕೊಳವೆಯ ಗುಂಟ ಇಳಿದು ನೆರೆಯವರ ಕುಡಿಯುವ ಬಾವಿಯನ್ನು ಸೇರದಂತೆ ತಡೆಯುವುದು ಅದೇ. ಎಷ್ಟು ಚೀಲ ಬಂದವು, ಎಷ್ಟು ಖಾಲಿಯಾದವು ಎಂದು ಎಣಿಸಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಪಟ್ಟುಕೊಂಡರೆ ಇನ್ನೊಮ್ಮೆ ಎಣಿಸಿ.

ಪೈಪುಗಳು ಮನೆಯತ್ತ ಬರುವ ಕಾಲುವೆ ಮುಚ್ಚುವ ಮೊದಲು ಅದರ ನಕ್ಷೆ ಬರೆದು, ಮನೆಯ ಎರಡು ಮೂಲೆಗಳಿಂದ ಅಳತೆ ಗುರುತಿಸಿ, ಮನೆಪತ್ರಗಳ ಜೊತೆ ಇಡಿ. ಮುಂದೆ ಬೇಲಿ ಕಂಬ ನೆಡುವವನಿಗೆ ಇದು ಬೇಕಾಗುತ್ತದೆ.

ಹೆಜ್ಜೆ 6: ಮನೆಯೊಳಗಿನ ಕೆಲಸ

ಮನೆ ಕಾಯಿಸುವ ಹಳೆಯ ಎಣ್ಣೆ ಅಥವಾ ಗ್ಯಾಸ್ ಒಲೆ, ಕೋಣೆಕೋಣೆಗೆ ಗಾಳಿ ಒಯ್ಯುವ ಡಕ್ಟ್‌ಗಳಿಗೆ ದೂಡುತ್ತಿದ್ದ ಗಾಳಿ 50, 60 ಡಿಗ್ರಿಯಷ್ಟು ಬಿಸಿ. ಹೀಟ್ ಪಂಪಿನ ಗಾಳಿ 32ರಿಂದ 40 ಡಿಗ್ರಿ. ಅಷ್ಟೇ ಶಾಖ ತಲುಪಿಸಲು ಹೆಚ್ಚು ಗಾಳಿ ಹರಿಯಬೇಕು, ಅಂದರೆ ಡಕ್ಟ್ ಅಗಲವಾಗಿರಬೇಕು. ಕಿರಿದಾದ ಹಳೆಯ ಡಕ್ಟ್‌ಗೆ ಹೊಸ ಯಂತ್ರ ಜೋಡಿಸಿದರೆ ಶಿಳ್ಳೆ ಹೊಡೆಯುವ ಸದ್ದು, ಮೂಲೆಯ ಕೋಣೆಗೆ ಚಳಿ. ಡಕ್ಟ್‌ಗಳನ್ನು ಅಳೆದು ನೋಡಿದಿರಾ ಎಂದು ಕೇಳಿ.

ಎರಕದ ಕಬ್ಬಿಣದ ರೇಡಿಯೇಟರ್‌ಗಳಿರುವ ಮನೆಯವರು ಇನ್ನೂ ಎಚ್ಚರ ವಹಿಸಬೇಕು. ಅವು 80 ಡಿಗ್ರಿ ನೀರಿಗೆಂದು ಮಾಡಿದವು. ಹೀಟ್ ಪಂಪ್ ಆರಾಮಾಗಿ ಕೊಡುವುದು 50 ಡಿಗ್ರಿ ಆಸುಪಾಸಿನ ನೀರನ್ನು. ಅದನ್ನು ದಾಟಿಸಲು ಹೋದರೆ ದಕ್ಷತೆ ಕುಸಿಯುತ್ತದೆ. ಇನ್ಸುಲೇಶನ್ ಮಾಡಿಸಿದ ಮೇಲೆ ಅದೇ ರೇಡಿಯೇಟರ್‌ಗಳು 50 ಡಿಗ್ರಿ ನೀರಿನಲ್ಲೂ ಸಾಕಾಗಬಹುದು, ಕೋಣೆಕೋಣೆಗೂ ಲೆಕ್ಕ ಹಾಕಿ ನೋಡಬೇಕು. ರೇಡಿಯೇಟರ್‌ನಿಂದ ಬೇಸಿಗೆಯ ತಂಪು ಸಿಗುವುದಿಲ್ಲ ಎಂಬುದು ಬೇರೆ ಮಾತು. ಹೊಸ ಮನೆ ಕಟ್ಟಿಸುವವರು ನೆಲದಡಿ ಬಿಸಿನೀರಿನ ಪೈಪು ಹಾಕಿಸಿಕೊಂಡರೆ 35 ಡಿಗ್ರಿ ನೀರೇ ಸಾಕು. ಬರಿಗಾಲಲ್ಲಿ ಓಡಾಡುವ ನಮ್ಮವರಿಗೆ ಅದರಷ್ಟು ಸುಖ ಇನ್ನೊಂದಿಲ್ಲ.

ಡಿಸೂಪರ್‌ಹೀಟರ್ ಎಂಬ ಸಣ್ಣ ಜೋಡಣೆಯನ್ನು ತಪ್ಪದೆ ಕೇಳಿ. ಬೇಸಿಗೆಯಲ್ಲಿ ನೆಲಕ್ಕೆ ಹೋಗಬೇಕಾದ ಶಾಖದ ಒಂದು ಪಾಲು ಸ್ನಾನದ ನೀರಿನ ಟ್ಯಾಂಕಿಗೆ ಹೋಗುತ್ತದೆ, ಅದು ಹೆಚ್ಚುಕಡಿಮೆ ಪುಕ್ಕಟೆ. ಅತಿ ಚಳಿಯ ಕೆಲವು ಗಂಟೆಗಳಿಗೆ ನೆರವಾಗುವ ವಿದ್ಯುತ್ ಕಾಯಿಲು, ಅಂದರೆ ಹೀಟರ್ ಸುರುಳಿ, ಕೂಡ ಇರುತ್ತದೆ. ಅದಿರುವುದು ಸರಿಯೇ, ಅದಕ್ಕಾಗಿ ಮನೆಯ ವಿದ್ಯುತ್ ಫಲಕ 200 ಆಂಪಿಯರ್‌ನದ್ದಾಗಬೇಕಾಗಬಹುದು, ಆ ಖರ್ಚು ದರಪಟ್ಟಿಯಲ್ಲಿದೆಯೇ ನೋಡಿ.

ಹೆಜ್ಜೆ 7: ದರಪಟ್ಟಿ ಓದುವುದು, ಹಣ ಹೊಂದಿಸುವುದು

ಕನಿಷ್ಠ ಮೂರು ಕಡೆಯಿಂದ ದರಪಟ್ಟಿ ತರಿಸಿ. ಹೋಲಿಸುವಾಗ ಕೊನೆಯ ಮೊತ್ತಕ್ಕಿಂತ ಮೊದಲು ಒಟ್ಟು ಕೊರೆತದ ಅಡಿ ನೋಡಿ. ಇಬ್ಬರು 550 ಅಡಿ ಎಂದಾಗ ಮೂರನೆಯವನು 350 ಅಡಿಗೆ ಮುಗಿಸುತ್ತೇನೆ ಎಂದರೆ ಅಗ್ಗದ ಗುಟ್ಟು ಅಲ್ಲಿದೆ. ಕಡಿಮೆ ಉದ್ದದ ಲೂಪ್ ಮೊದಲ ವರ್ಷ ಸಿಕ್ಕಿಬೀಳುವುದೂ ಇಲ್ಲ. ನೆಲ ವರ್ಷದಿಂದ ವರ್ಷಕ್ಕೆ ತಣ್ಣಗಾಗುತ್ತ, ವಿದ್ಯುತ್ ಕಾಯಿಲು ಹೆಚ್ಚು ಹೊತ್ತು ಉರಿಯುತ್ತ, ಬಿಲ್ಲು ಮೆಲ್ಲಗೆ ಏರುತ್ತದೆ. ಅಷ್ಟರಲ್ಲಿ ವಾರಂಟಿ ಮುಗಿದಿರುತ್ತದೆ. ಚಳಿಗಾಲದ ಕೊನೆಯಲ್ಲಿ ಲೂಪಿನಿಂದ ಬರುವ ನೀರು ಎಷ್ಟು ಡಿಗ್ರಿಗೆ ಇಳಿಯಬಹುದೆಂದು ವಿನ್ಯಾಸ ಮಾಡಿದ್ದೀರಿ ಎಂಬುದು ಕೇಳಬೇಕಾದ ಪ್ರಶ್ನೆ. ಈ ಹವೆಯಲ್ಲಿ ಮೈನಸ್ 1ರಿಂದ 0 ಡಿಗ್ರಿ ಎಂಬ ಉತ್ತರ ಬಂದರೆ ಎದುರಿಗಿರುವವನು ಕೆಲಸ ಬಲ್ಲವನು.

ಅಮೆರಿಕದ ಕೇಂದ್ರ ಸರ್ಕಾರ ಮನೆಮಾಲೀಕರಿಗೆ ಕೊಡುತ್ತಿದ್ದ ಶೇ. 30ರ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಹಳೆಯ ಲೇಖನಗಳನ್ನು ಓದಿ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ವ್ಯಾಪಾರ ಸಂಸ್ಥೆಗಳಿಗೆ ಸಿಗುವ ವಿನಾಯಿತಿ ಬೇರೆಯದಾದ್ದರಿಂದ, ವ್ಯವಸ್ಥೆಯನ್ನು ತಾವೇ ಹೊಂದಿ ನಿಮಗೆ ಬಾಡಿಗೆಗೆ ಕೊಡುವ ಕಂಪನಿಗಳು ಹುಟ್ಟಿಕೊಂಡಿವೆ. ಅಂಥ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮನೆ ಮಾರಿದರೆ ಏನಾಗುತ್ತದೆ ಎಂಬ ಸಾಲನ್ನು ಹುಡುಕಿ ಓದಿ. ನ್ಯೂಯಾರ್ಕ್ ರಾಜ್ಯದ ಸ್ವಂತ ತೆರಿಗೆ ವಿನಾಯಿತಿ ಶೇ. 25, ಅದರ ಗರಿಷ್ಠ ಮಿತಿಯನ್ನು 2025ರಲ್ಲಿ 10,000 ಡಾಲರ್‌ಗೆ ಏರಿಸಿದ್ದಾರೆ. ವಿದ್ಯುತ್ ಕಂಪನಿಯ ಪ್ರೋತ್ಸಾಹಧನ ಅದಕ್ಕೆ ಹೊರತು.

800 ಗ್ಯಾಲನ್ ಮನೆಯನ್ನೇ ತೆಗೆದುಕೊಳ್ಳೋಣ. ಎಣ್ಣೆ ಗ್ಯಾಲನ್‌ಗೆ 3 ಡಾಲರ್ 75 ಸೆಂಟ್ ಆದರೆ ವರ್ಷಕ್ಕೆ 3,000 ಡಾಲರ್. ಹೀಟ್ ಪಂಪಿಗೆ 8,000 ಯೂನಿಟ್, 20 ಸೆಂಟ್‌ನಂತೆ 1,600. ಉಳಿಯುವುದು 1,400. ವ್ಯವಸ್ಥೆಗೆ 40,000 ತಗುಲಿ ರಾಜ್ಯದಿಂದ 10,000 ವಾಪಸಾದರೆ ಕೈಯಿಂದ 30,000. ಇದನ್ನು 1,400ರಿಂದ ಭಾಗಿಸಿ ಇಪ್ಪತ್ತೊಂದು ವರ್ಷ ಎಂದು ತಲೆ ಮೇಲೆ ಕೈ ಹೊರಬೇಡಿ. ಹಳೆಯ ಒಲೆಯೂ ಎಸಿಯೂ ಹೇಗಿದ್ದರೂ ಬದಲಾಗಬೇಕಿದ್ದರೆ ಅದಕ್ಕೆ ಹದಿನೈದು ಇಪ್ಪತ್ತು ಸಾವಿರ ಹೋಗುತ್ತಿತ್ತು. ಹೆಚ್ಚುವರಿ ಹೂಡಿಕೆ ಹತ್ತು ಹದಿನೈದು ಸಾವಿರ, ಮರಳಿ ಬರುವುದು ಏಳರಿಂದ ಹನ್ನೊಂದು ವರ್ಷಗಳಲ್ಲಿ. ಹಳೆಯ ಒಲೆ ಮೊನ್ನೆಯಷ್ಟೇ ಹಾಕಿಸಿದ್ದಾದರೆ ಅದು ಸವೆಯುವವರೆಗೆ ಕಾಯುವುದು ಜಾಣತನ.

ಹೆಜ್ಜೆ 8: ಚಾಲೂ ಮಾಡುವ ದಿನ ಮತ್ತು ಮೊದಲ ಚಳಿಗಾಲ

ಲೂಪಿನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಪಂಪು ಗುಳುಗುಳು ಎನ್ನುತ್ತದೆ, ಬೇಗ ಹಾಳಾಗುತ್ತದೆ. ದೊಡ್ಡ ಪಂಪು ತಂದು ವೇಗವಾಗಿ ನೀರು ಹಾಯಿಸಿ ಗಾಳಿಯನ್ನು ಪೂರ್ತಿ ಹೊರಹಾಕಿರಬೇಕು. ಆಮೇಲೆ ಹೆಪ್ಪುತಡೆ ದ್ರವದ ಪ್ರಮಾಣ ಅಳೆದು ತೋರಿಸಲಿ. ನೀರಿನ ಹರಿವು ಟನ್‌ಗೆ ನಿಮಿಷಕ್ಕೆ 3 ಗ್ಯಾಲನ್ ಸುತ್ತಮುತ್ತ, ಲೂಪಿನಿಂದ ಬರುವ ಮತ್ತು ಹೋಗುವ ನೀರಿನ ಉಷ್ಣತೆಯ ಅಂತರ ಬಿಸಿಯ ಕಾಲದಲ್ಲಿ 3ರಿಂದ 5 ಡಿಗ್ರಿ. ಈ ಅಂಕಿಗಳನ್ನು ಬರೆಸಿಕೊಂಡ ಮೇಲೆಯೇ ಕೊನೆಯ ಕಂತು.

ರಾತ್ರಿ ಥರ್ಮೋಸ್ಟಾಟ್ ಇಳಿಸಿ ಬೆಳಿಗ್ಗೆ ಏರಿಸುವ ಅಭ್ಯಾಸ ಬಿಡಿ. ಎಣ್ಣೆ ಒಲೆಗೆ ಅದು ಉಳಿತಾಯ. ಇಲ್ಲಿ ಬೆಳಿಗ್ಗೆ ಐದು ಡಿಗ್ರಿ ಏರಿಸಿದರೆ ಯಂತ್ರ ಅವಸರಕ್ಕೆ ವಿದ್ಯುತ್ ಕಾಯಿಲನ್ನು ಕರೆಯುತ್ತದೆ, ರಾತ್ರಿ ಉಳಿಸಿದ್ದೆಲ್ಲ ಅರ್ಧ ಗಂಟೆಯಲ್ಲಿ ಹೋಗುತ್ತದೆ. 20 ಡಿಗ್ರಿಗೆ ಇಟ್ಟು ಮರೆತುಬಿಡಿ. ಯಂತ್ರ ಗಂಟೆಗಟ್ಟಲೆ ನಿಲ್ಲದೆ ಓಡುವುದು ಕಂಡು ಗಾಬರಿಯಾಗಬೇಕಿಲ್ಲ, ಅದು ಹಾಗೆಯೇ ಓಡಬೇಕು. ಊರಿನಿಂದ ಬಂದ ಅಪ್ಪ ಅಮ್ಮ ಕಿಂಡಿಗೆ ಕೈ ಒಡ್ಡಿ ಗಾಳಿ ಬಿಸಿಯೇ ಇಲ್ಲವಲ್ಲ ಎನ್ನುತ್ತಾರೆ. ಮೈಯ ಬಿಸಿಗಿಂತ ಕಡಿಮೆಯಿರುವ ಗಾಳಿ ಕೈಗೆ ತಣ್ಣಗೇ ತಾಗುತ್ತದೆ. ಗೋಡೆಯ ಥರ್ಮಾಮೀಟರ್ ತೋರಿಸಿ.

ಗಾಳಿಯ ಫಿಲ್ಟರ್ ಎರಡು ಮೂರು ತಿಂಗಳಿಗೊಮ್ಮೆ ಬದಲಿಸುವುದು ಬಿಟ್ಟರೆ ದೊಡ್ಡ ಆರೈಕೆ ಇಲ್ಲ. ಪ್ರತಿ ಫೆಬ್ರವರಿಯ ಕೊನೆಗೆ ಲೂಪಿನಿಂದ ಬರುವ ನೀರಿನ ಉಷ್ಣತೆಯನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ. ನಾಲ್ಕೈದು ವರ್ಷ ಅದೇ ಅಂಕಿ ಬಂದರೆ ಲೂಪ್ ಸಾಕಷ್ಟು ಉದ್ದವಿದೆ. ವರ್ಷವರ್ಷವೂ ಇಳಿಯುತ್ತಿದ್ದರೆ ಆ ಚೀಟಿಯೇ ನಿಮ್ಮ ಸಾಕ್ಷಿ.

ದೊಡ್ಡ ಕಟ್ಟಡಗಳು, ಮತ್ತು ಊರಿನ ಮನೆ

ದೇವಸ್ಥಾನದ ಸಮಿತಿ, ಶಾಲೆಯ ಆಡಳಿತ ಮಂಡಳಿಗಳಲ್ಲಿ ಇರುವವರಿಗೆ ಒಂದು ಮಾತು. ಕಟ್ಟಡ ದೊಡ್ಡದಾದಷ್ಟೂ ಲೆಕ್ಕ ಹೆಚ್ಚು ಅನುಕೂಲ, ಏಕೆಂದರೆ ಒಂದು ಬದಿಯ ಸಭಾಂಗಣಕ್ಕೆ ತಂಪು ಬೇಕಾದಾಗ ಇನ್ನೊಂದು ಬದಿಯ ಕೋಣೆಗೆ ಬಿಸಿ ಬೇಕಿರುತ್ತದೆ, ಒಂದರ ಶಾಖ ಇನ್ನೊಂದಕ್ಕೆ ಹೋಗುತ್ತದೆ. ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ ಸಾವಿರಾರು ಕೊಳವೆ ಕೊರೆಸಿ ತನ್ನ ಕಲ್ಲಿದ್ದಲು ಬಾಯ್ಲರ್‌ಗಳನ್ನು ಕೈಬಿಟ್ಟಿತು. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿ 2024ರಿಂದ ಒಂದು ಗ್ಯಾಸ್ ಕಂಪನಿಯೇ ಬೀದಿಯುದ್ದಕ್ಕೂ ಲೂಪ್ ಹಾಕಿ ಹಲವು ಮನೆ, ಕಟ್ಟಡಗಳಿಗೆ ಹಂಚುತ್ತಿದೆ. ಇಷ್ಟು ದೊಡ್ಡ ಕೆಲಸಕ್ಕೆ ಮೊದಲು ಒಂದು ಪರೀಕ್ಷಾ ಕೊಳವೆ ಕೊರೆದು, ಎರಡು ದಿನ ಬಿಸಿನೀರು ಹಾಯಿಸಿ, ನೆಲ ಶಾಖವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂದು ಅಳೆಯಲೇಬೇಕು. ಒಂಟಿ ಮನೆಗೆ ಆ ಪರೀಕ್ಷೆಯ ಖರ್ಚು ಹೊರೆ.

ಹಾಗಾದರೆ ಬೆಂಗಳೂರಿನ ಮನೆಗೂ ಹಾಕಿಸೋಣವೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದರ ಬೆನ್ನಿಗೇ ಬತ್ತಿದ ಬೋರ್‌ವೆಲ್ ಸುಮ್ಮನೆ ಬಿದ್ದಿದೆಯಲ್ಲ ಎಂಬ ಮಾತೂ. ಬೇಡ ಎನ್ನುವುದಕ್ಕೆ ಕಾರಣವಿದೆ. ಆಲ್ಬನಿಯ ನೆಲ ಚಳಿಗಾಲದಲ್ಲಿ ಕೊಟ್ಟದ್ದನ್ನು ಬೇಸಿಗೆಯಲ್ಲಿ ಒಂದಷ್ಟು ವಾಪಸು ಪಡೆಯುತ್ತದೆ. ಬೆಂಗಳೂರಿನಲ್ಲಿ ಮನೆ ಕಾಯಿಸುವ ಕಾಲವೇ ಇಲ್ಲ. ಮನೆಯ ಸೆಕೆಯನ್ನೆಲ್ಲ ವರ್ಷವಿಡೀ ನೆಲಕ್ಕೇ ಸುರಿಯುತ್ತ ಹೋದರೆ ಕೊಳವೆಯ ಸುತ್ತಲಿನ ಬಂಡೆ ವರ್ಷದಿಂದ ವರ್ಷಕ್ಕೆ ಕಾವೇರುತ್ತದೆ. ಅಲ್ಲಿನ ನೆಲದಾಳ ಮೊದಲೇ 25 ಡಿಗ್ರಿ ಆಸುಪಾಸು. ಏಪ್ರಿಲ್ ಮಧ್ಯಾಹ್ನ ಅದು ಹೊರಗಾಳಿಗಿಂತ ತಂಪು ನಿಜ, ಆದರೆ ಎಸಿ ಹೆಚ್ಚು ಓಡುವ ರಾತ್ರಿಯ ಹೊತ್ತಿಗೆ ಗಾಳಿಯೂ ಅಲ್ಲಿಗೇ ಇಳಿದಿರುತ್ತದೆ. ಬತ್ತಿದ ಕೊಳವೆಯಲ್ಲಿ ಪೈಪು ಇಳಿಬಿಟ್ಟರೆ ಸುತ್ತ ಇರುವುದು ಬರೀ ಗಾಳಿ. ಅದನ್ನು ತಳದಿಂದ ಗ್ರೌಟ್ ತುಂಬಿಸಿಕೊಂಡು ಬರುವ ಖರ್ಚಿನಲ್ಲಿ ಚಾವಣಿಗೆ ಬಿಳಿಬಣ್ಣ ಹೊಡೆಸಿ, ಪಶ್ಚಿಮದ ಕಿಟಕಿಗಳಿಗೆ ನೆರಳು ಕಟ್ಟಿಸಿ, ಒಳ್ಳೆಯ ಇನ್ವರ್ಟರ್ ಎಸಿಯನ್ನೂ ತರಬಹುದು. ಗುರುಗ್ರಾಮದ ಹತ್ತಿರ ಇಂಧನ ಸಂಶೋಧನೆ ನಡೆಸುವ ಟೆರಿ ಸಂಸ್ಥೆಯ ತರಬೇತಿ ಕೇಂದ್ರದಲ್ಲಿ ನಾಲ್ಕು ಮೀಟರ್ ಆಳದ ಸುರಂಗಗಳ ಮೂಲಕ ಗಾಳಿ ಎಳೆದು ಕೋಣೆಗಳನ್ನು ಹಿತವಾಗಿಡುತ್ತಾರೆ. ಅಲ್ಲಿ ಬೇಸಿಗೆಯ ಉರಿಯೂ ಉಂಟು, ಚಳಿಗಾಲದ ಕೊರೆತವೂ ಉಂಟು, ಆದ್ದರಿಂದ ಹೊಂದುತ್ತದೆ.

ಕರ್ನಾಟಕದಲ್ಲಿ ಇದರ ಹತ್ತಿರದ ಒಂದು ಉಪಯೋಗಕ್ಕೆ ಮಾತ್ರ ನನ್ನ ಒಪ್ಪಿಗೆಯಿದೆ. ಹೋಟೆಲು, ಆಸ್ಪತ್ರೆ, ವಿದ್ಯಾರ್ಥಿನಿಲಯಗಳಿಗೆ ವರ್ಷವಿಡೀ ಬಿಸಿನೀರೂ ಬೇಕು, ಕೆಲವು ಕೋಣೆಗಳಿಗೆ ತಂಪೂ ಬೇಕು. ಕೋಣೆಯ ಸೆಕೆಯನ್ನು ತೆಗೆದು ನೇರವಾಗಿ ಸ್ನಾನದ ನೀರಿಗೆ ಹಾಕುವ ಹೀಟ್ ಪಂಪ್ ಕೂರಿಸಿದರೆ ಒಂದೇ ವಿದ್ಯುತ್ತಿನಲ್ಲಿ ಎರಡು ಕೆಲಸ ಆಗುತ್ತದೆ, ನೆಲ ಕೊರೆಯುವ ಅಗತ್ಯವೇ ಬೀಳುವುದಿಲ್ಲ. ಲೆಕ್ಕ ಹಾಕಿಸುವಾಗ ದಿನಕ್ಕೆ ಎಷ್ಟು ಲೀಟರ್ ಬಿಸಿನೀರು, ಯಾವ ಹೊತ್ತಿನಲ್ಲಿ, ತಂಪು ಯಾವ ಹೊತ್ತಿನಲ್ಲಿ ಎಂದು ಒಂದು ವಾರ ಬರೆದಿಟ್ಟು ಆ ಪಟ್ಟಿಯನ್ನು ಎಂಜಿನಿಯರ್ ಕೈಗೆ ಕೊಡಿ. ಟ್ಯಾಂಕಿನ ಗಾತ್ರ ತೀರ್ಮಾನವಾಗುವುದು ಅದರ ಮೇಲೆ.